ತುಂಬಿಸಿ ನೋಡುವುದು

"ಇನ್ನೂ ಒಣಗಿಸು" ಎಂದಳು ಬ್ರಾಫಿ, ಪರದೆಯ ಆಚೆಯಿಂದ.

"ಒಣಗೇ ಇದಾನೆ" ಎಂದ ಹುಡಾಕ್.

ಪರದೆಯ ಆ ಬದಿಗೆ ಮುದುಕ ಕಾಸ್ಕೊನ ತೆರೆದ ಹೊಟ್ಟೆ, ಸರ್ಜನ್ ಬ್ರಾಫಿಯ ಕೈ. ಈ ಬದಿಗೆ ಮುದುಕನ ತಲೆ, ಅರಿವಳಿಕೆಯ ಯಂತ್ರ, ಅದನ್ನು ನಡೆಸುವ ಡಾಕ್ಟರ್ ಹುಡಾಕ್. ರಕ್ತನಾಳ ಉಬ್ಬಿದ್ದರೆ ಲಿವರ್ ಕೊಯ್ದಲ್ಲೆಲ್ಲ ರಕ್ತ ಚಿಮ್ಮುತ್ತದೆ. ಅದಕ್ಕೇ ಕೊಯ್ಯುವಷ್ಟು ಹೊತ್ತು ಸಲೈನು ಹನಿಹನಿಯಾಗಿ, ಜೀವ ಹಿಡಿಯುವಷ್ಟು ಮಾತ್ರ. ಬತ್ತಿದ ನಾಳ ಸುಮ್ಮನಿರುತ್ತದೆ. ಪಿಟ್ಸ್‌ಬರ್ಗ್‌ನಲ್ಲಿ ಈ ಕೆಲಸಕ್ಕೆ ಹುಡಾಕ್‌ನನ್ನು ಬಿಟ್ಟರಿಲ್ಲ ಎನ್ನುತ್ತಿದ್ದರು. ಅವನಿದ್ದ ದಿನ ತರಿಸಿಟ್ಟ ರಕ್ತದ ಚೀಲಗಳು ಬಂದ ಹಾಗೇ ವಾಪಸ್ಸು ಹೋಗುತ್ತಿದ್ದವು. ಬೇರೆ ಯಾವ ಹೊಗಳಿಕೆಯೂ ಅವನಿಗೆ ಬರುತ್ತಿರಲಿಲ್ಲ.

"ಬಿಟ್ಟೆ" ಎಂದಳು ಬ್ರಾಫಿ.

ಲಿವರಿಗೆ ರಕ್ತ ಹೋಗುವ ದಾರಿಗೆ ಬಿಗಿದ ಪಟ್ಟಿಯನ್ನು ಕಾಲು ಗಂಟೆಗೊಮ್ಮೆ ಸಡಿಲಿಸಿ ಐದು ನಿಮಿಷ ಬಿಡಬೇಕು, ಇಲ್ಲದಿದ್ದರೆ ಲಿವರೇ ಸತ್ತುಹೋಗುತ್ತದೆ. ಆಗ ಯಾರೂ ಕೊಯ್ಯುವುದಿಲ್ಲ. ಬ್ರಾಫಿ ಗಾಯದ ಮೇಲೆ ಬಟ್ಟೆ ಒತ್ತಿ ಹಿಡಿದು, ಭಾನುವಾರ ಸೋತ ಫುಟ್‌ಬಾಲ್ ತಂಡಕ್ಕೆ ಮನಸಾರೆ ಬೈಯತೊಡಗಿದಳು. ಹುಡಾಕ್ ಗಡಿಯಾರ ನೋಡಿದ. ಹನ್ನೊಂದೂಕಾಲು.

ಬೆಳಿಗ್ಗೆ ಹೆಂಡತಿ ನೋರೀನ್ ಕಾಫಿ ಬಗ್ಗಿಸುತ್ತ, ಹನ್ನೆರಡಕ್ಕೆ ವ್ಯಾನ್ ಬರುತ್ತದೆ, ಈರಿ ಊರಿಗೆ, ಅಕ್ಕನ ಮನೆಗೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ ಎಂದಿದ್ದಳು. ಆಮೇಲೆ ಪಾತ್ರೆ ಕೆಳಗಿಟ್ಟು, "ಅಷ್ಟರೊಳಗೆ ಒಂದು ಸಲ ಬೇಡ ಅನ್ನು, ಲಿಯೋ. ಹೋಗಲ್ಲ."

ಅವನು ಕಪ್ಪು ತೊಳೆದಿಟ್ಟು, "ಆ ಕಡೆ ಹಿಮ ಬಿದ್ದಿದೆಯಂತೆ. ನಿಧಾನಕ್ಕೆ ಓಡಿಸೋಕೆ ಹೇಳು" ಎಂದಿದ್ದ. ಅಳು ಇಲ್ಲ, ಕೂಗಾಟ ಇಲ್ಲ. ಇಪ್ಪತ್ತು ವರ್ಷ ಎಷ್ಟು ಚೊಕ್ಕವಾಗಿ ಮುಗಿಯಿತೆಂದು ಕಾರಿನಲ್ಲಿ ಅವನಿಗೆ ಒಂದು ಬಗೆಯ ಹೆಮ್ಮೆಯೇ ಆಗಿತ್ತು.

ಟ್ರೇ ಮೇಲಿಟ್ಟಿದ್ದ ಫೋನು ಬೆಳಗಿತು. ನರ್ಸ್ ಓಪಲ್ ಹೆಸರು ಓದಿದಳು.

"ಮನೆಯವರು. ಎರಡನೇ ಸಲ. ಹೋಗಿ ಮಾತಾಡಿ ಬನ್ನಿ ಡಾಕ್ಟ್ರೇ, ಪಕ್ಕದ ರೂಮಿಂದ ಯಾರನ್ನಾದ್ರೂ ಕೂರಿಸ್ತೀನಿ."

"ಪೇಷಂಟನ್ನ ಬಿಟ್ಟು ಹೋಗೋಕಾಗಲ್ಲ."

ದಿನಾ ಈ ಹೊತ್ತಿಗೆ ಅವನು ಯಾರನ್ನೋ ಕೂರಿಸಿ ಕಾಫಿಗೆ ಹೋಗುತ್ತಿದ್ದುದು ಇಬ್ಬರಿಗೂ ಗೊತ್ತಿತ್ತು.

ಬೆಳಿಗ್ಗೆ ಮುದುಕ ಮಂಪರಿಗೆ ಜಾರುವಾಗ ಹುಡಾಕ್‌ನ ಮಣಿಕಟ್ಟು ಹಿಡಿದುಕೊಂಡಿದ್ದ. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಅಲ್ಲಿ ಇನ್ನೂ ಬೆಚ್ಚಗಿದೆ ಅನ್ನಿಸಿ ಹುಡಾಕ್‌ಗೆ ಮುಜುಗರವಾಯಿತು. ಮುಂದಿನ ಐದು ನಿಮಿಷ ಬಂತು, ಹೋಯಿತು. ಫೋನು ಮತ್ತೆ ಬೆಳಗಲಿಲ್ಲ.

ಲಿವರಿನ ಗಡ್ಡೆ ಹೊರಬಂದಾಗ ಹನ್ನೆರಡು ದಾಟಿತ್ತು.

"ಈಗ ತುಂಬಿಸು" ಎಂದಳು ಬ್ರಾಫಿ. "ಎಲ್ಲೆಲ್ಲಿ ಸೋರುತ್ತೋ ನೋಡೋಣ."

ಕೊಯ್ದ ಜಾಗದ ಮೇಲೆ ಅವಳು ಹೊಸ ಬಿಳಿ ಬಟ್ಟೆ ಹಾಸಿದಳು. ಹುಡಾಕ್ ಸಲೈನು ಪೂರಾ ಬಿಟ್ಟ. ನಾಳ ಉಬ್ಬಿತು. ಎಲ್ಲರೂ ಬಗ್ಗಿ ಬಟ್ಟೆಯನ್ನೇ ನೋಡುತ್ತ ನಿಂತರು. ಬಹಳ ಹೊತ್ತಿನ ಮೇಲೆ ಒಂದು ಮೂಲೆಯಲ್ಲಿ ಕೆಂಪು ಚುಕ್ಕೆ ಮೂಡಿತು.

"ಸಿಕ್ಕಿದ ಕಳ್ಳ" ಎಂದಳು ಬ್ರಾಫಿ ಖುಷಿಯಿಂದ. "ಒಣಗಿದ್ದಾಗಲೇ ಮುಚ್ಚಿಬಿಟ್ಟಿದ್ರೆ ರಾತ್ರಿ ಒಳಗೊಳಗೇ ಸುರಿದು ಸಾಯ್ತಿದ್ದ."

ಒಂದು ಹೊಲಿಗೆ ಹಾಕಿದಳು. ರಕ್ತದ ಚೀಲಗಳು ವಾಪಸ್ಸು ಹೋದವು. ಯಾರೋ ಹುಡಾಕ್‌ನ ಬೆನ್ನು ತಟ್ಟಿದರು.

ಸಂಜೆ ಮನೆ ಬಾಗಿಲು ತೆಗೆದಾಗ ಅವನ ಹೆಜ್ಜೆಯ ಸದ್ದು ಎಂದಿಗಿಂತ ಜೋರಾಗಿ ಕೇಳಿಸಿತು. ಗೋಡೆಯಲ್ಲಿ ಮೊಳೆಗಳು ಮಾತ್ರ ಇದ್ದವು. ಅಡುಗೆಮನೆಯ ಮೇಜನ್ನೂ ಅದರ ಬಿಳಿ ಹಾಸನ್ನೂ ನೋರೀನ್ ಬಿಟ್ಟುಹೋಗಿದ್ದಳು. ಒಂಟಿ ಎಂದರೆ ಇದೇ ಇರಬೇಕು ಎಂದುಕೊಂಡ. ಎಲ್ಲೂ ನೋಯಲಿಲ್ಲ. ಅದಕ್ಕೇ ಭಯವಾಯಿತು.

ನಲ್ಲಿ ತಿರುಗಿಸಿ ಒಂದು ಲೋಟ ನೀರು ಕುಡಿದ. ಇನ್ನೊಂದು ಕುಡಿದ. ಹೊಟ್ಟೆ ಭಾರವಾಗುವ ತನಕ ಕುಡಿದು, ಕೋಟು ಕೂಡ ಬಿಚ್ಚದೆ ಮೇಜಿನ ಮೇಲೆ ಬಗ್ಗಿ, ಬಟ್ಟೆಯನ್ನೇ ನೋಡುತ್ತ ನಿಂತ.

ಬಟ್ಟೆ ಬೆಳ್ಳಗೇ ಇತ್ತು. ಅವನು ಮತ್ತೆ ನಲ್ಲಿ ತಿರುಗಿಸಿದ.