ನಮ್ಮ ಯಜಮಾನರ ಸ್ವತಂತ್ರ ಫೋನು

ನನ್ನ ಗಂಡ ಯಾವ ಕಂಪನಿಗೂ ತಲೆಬಾಗದ ಮನುಷ್ಯ. ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ, ಊಟದ ಮೇಜಿನ ಮೇಲೆ, ತಮ್ಮ ಫೋನಿನಲ್ಲಿ ಕಂಪನಿ ಹಾಕಿ ಕೊಟ್ಟಿದ್ದ ಸಾಫ್ಟ್‌ವೇರನ್ನೆಲ್ಲ ಕಿತ್ತುಹಾಕಿ, ಯಾರಿಗೂ ಸೇರದ, ಯಾರೂ ಬೆನ್ನು ಹತ್ತದ ಇನ್ನೊಂದು ವ್ಯವಸ್ಥೆ ಹಾಕಿಕೊಂಡರು. ಅಂದಿನಿಂದ ಮನೆಗೆ ಬಂದವರಿಗೆಲ್ಲ ಅದರದೇ ಪುರಾಣ. ನೆಂಟರು ಈಗ ಬಾಗಿಲಲ್ಲೇ ಮಾತಾಡಿಸಿ ಹೋಗುತ್ತಾರೆ.

ಆ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ನಡೆಯುವುದಿಲ್ಲ. ಟಿಕೆಟಿನದೂ ಇಲ್ಲ, ಮಗಳ ಶಾಲೆಯದೂ ಇಲ್ಲ. ಹಾಗಾಗಿ ಎಲ್ಲ ಕಡೆ ನನ್ನ ನಂಬರೇ. ಸ್ವಾತಂತ್ರ್ಯ ಅವರದು, ಚಾಕರಿ ನನ್ನದು.

ನಾನು ಆಪರೇಷನ್ ಥಿಯೇಟರಿನಲ್ಲಿ ನರ್ಸು. ಹೊಟ್ಟೆಯೊಳಗೆ ಇಟ್ಟ ಬಟ್ಟೆಯ ತುಂಡುಗಳೆಷ್ಟು, ಹೊರಗೆ ಬಂದವೆಷ್ಟು ಎಂದು ಎಣಿಸುವುದು ನನ್ನ ಕೆಲಸ. ನಾನು ಸರಿ ಎನ್ನುವವರೆಗೆ ಡಾಕ್ಟರು ಹೊಲಿಗೆ ಹಾಕುವಂತಿಲ್ಲ. ಫೋನು ಹೊರಗೆ ಲಾಕರಿನಲ್ಲಿರುತ್ತದೆ. ಹದಿನಾರು ವರ್ಷದಲ್ಲಿ ಒಮ್ಮೆಯೂ ನನ್ನ ಲೆಕ್ಕ ತಪ್ಪಿರಲಿಲ್ಲ. ಈ ಸಲ ಮುಖ್ಯ ನರ್ಸ್ ಹುದ್ದೆಗೆ ನನ್ನ ಹೆಸರೇ ಹೋಗಿತ್ತು.

ಕಳೆದ ಗುರುವಾರ ಬೆಳಿಗ್ಗೆ ಎಣಿಸುತ್ತಿದ್ದಾಗ ಆಯಾ ಇಣುಕಿ, "ಸಿಸ್ಟರ್, ನಿಮ್ಮನೆಯವರು ಲೈನಲ್ಲಿದಾರೆ. ತುಂಬಾ ಅರ್ಜೆಂಟಂತೆ" ಎಂದಳು. ಮಗಳಿಗೇನಾಯಿತೋ ಎಂದು ಎಣಿಕೆ ಬಿಟ್ಟು ಓಡಿದೆ.

"ನಿನ್ನ ಫೋನಿಗೆ ಒಟಿಪಿ ಬಂದಿರತ್ತೆ, ಸ್ವಲ್ಪ ನೋಡಿ ಹೇಳು. ಪಾರ್ಕಿಂಗ್ ಪಾಸಿಗೆ ಇವತ್ತೇ ಕೊನೇ ದಿನ."

"ಆಪರೇಷನ್ ಮಧ್ಯ ಇದೀನ್ರೀ ನಾನು."

"ಆರೇ ಆರು ಅಂಕಿ ಕಣೇ."

ರಿಸೀವರ್ ಕುಕ್ಕಿ ಒಳಗೆ ಬಂದರೆ ಲೆಕ್ಕ ಕೈತಪ್ಪಿತ್ತು. ಮೊದಲಿಂದ ಎಣಿಸಿ ಮುಗಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಒಬ್ಬ ಹೆಂಗಸು ಹೊಟ್ಟೆ ತೆರೆದುಕೊಂಡೇ ಮಲಗಿದ್ದಳು. ಡ್ಯೂಟಿ ಮುಗಿಯುವ ಹೊತ್ತಿಗೆ ಎಚ್ಚರಿಕೆಯ ಪತ್ರ ಕೈಗೆ ಬಂತು, ಮುಖ್ಯ ನರ್ಸ್ ಪಟ್ಟಿಯಿಂದ ನನ್ನ ಹೆಸರು ಹೋಯಿತು.

ಮನೆಗೆ ಬಂದು ಪತ್ರವನ್ನು ಅವರ ಮುಂದಿಟ್ಟೆ. ಓದಿ ಮಡಚಿ, "ಆಮೇಲೆ ಬರ್ತೀನಿ ಅಂತ ಹೇಳಿ ಕಳಿಸಿದ್ರೆ ಆಗ್ತಿತ್ತಲ್ಲ" ಎಂದರು. ನನ್ನ ಫೋನನ್ನು ಮೇಜಿನ ಮೇಲಿಟ್ಟೆ.

"ಇದಕ್ಕೂ ನಿಮ್ಮದನ್ನೇ ಹಾಕ್ಕೊಡಿ."

ಊರಿಗೆಲ್ಲ ಉಪದೇಶ ಮಾಡಿದ ಮನುಷ್ಯನ ಮುಖ ಬಿಳಿಚಿಕೊಂಡಿತು.

"ನಿನಗ್ಯಾಕೆ ಅದೆಲ್ಲ?"

"ನನ್ನ ಬೆನ್ನನ್ನೂ ಯಾರೂ ಹತ್ತಬಾರದು."

"ಇಬ್ರದ್ದೂ ಹಾಗಾದ್ರೆ ಮನೆ ನಡೆಯೋದು ಹೇಗೆ? ಬ್ಯಾಂಕು, ಶಾಲೆ, ಟಿಕೆಟ್ಟು, ಇದನ್ನೆಲ್ಲ ಯಾರು ನೋಡ್ತಾರೆ?"

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಇವರು ನಾಲ್ಕು ವರ್ಷ ತಪ್ಪಿಸಿಕೊಂಡು ತಿರುಗಿದ್ದು ಕಂಪನಿಯಿಂದಲ್ಲ, ಮನೆಯ ಕೆಲಸದಿಂದ. ಅದು ಆಗ ನನಗೆ ಹೊಳೆಯಿತು. ಇಷ್ಟು ತಡವಾಗಿ ಹೊಳೆಯಿತಲ್ಲ ಎಂದು ನನ್ನ ಮೇಲೂ ಸಿಟ್ಟು ಬಂತು.

ಅವರು ಫೋನು ಮುಟ್ಟಲಿಲ್ಲ. ಹೊಸಬರಿಗೆಂದು ಅವರೇ ಇಂಟರ್ನೆಟ್ಟಿನಲ್ಲಿ ಬರೆದಿಟ್ಟಿದ್ದ ವಿಧಾನವನ್ನು ಅವರ ಕಂಪ್ಯೂಟರಿನಲ್ಲೇ ತೆರೆದು ಕೂತೆ. ಚೆನ್ನಾಗಿಯೇ ಬರೆದಿದ್ದಾರೆ, ನನಗೂ ಅರ್ಥವಾಯಿತು. ಒಂಬತ್ತನೇ ಹೆಜ್ಜೆಗೆ ಬಂದಾಗ, ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಫೋನು ಕೇಳಿತು.

"ಬೇಡ ಕಣೇ, ನಿನ್ನ ಕಾಲು ಹಿಡ್ಕೋತೀನಿ" ಎಂದರು.

ಹೌದು ಎಂದು ಒತ್ತಿದೆ.