ಇಳಿಜಾರಿನಲ್ಲಿ ನೇರಪ್ರಸಾರ

ಎರಡು ಸಾವಿರದ ಮೂರರ ಫೆಬ್ರವರಿಯಲ್ಲಿ ಡಲ್ಲಸ್ ಹೆಪ್ಪುಗಟ್ಟಿದಾಗ ಶಾಂತವ್ವನಿಗೆ ಹಿಮಕ್ಕಿಂತ ಹೆಚ್ಚು ಕಾಟ ಕೊಟ್ಟದ್ದು ಟಿವಿ. ಅಲ್ಲಿನ ಉಪನಗರ ಫಾರ್ಮರ್ಸ್ ಬ್ರಾಂಚ್‌ನಲ್ಲಿ ಫ್ರೀವೇ ಪಕ್ಕ ಅವಳೂ ಗಂಡ ಅಪ್ಪಾಸಾಹೇಬನೂ ನಡೆಸುತ್ತಿದ್ದ ಮೋಟೆಲ್‌ನ ಲಾಬಿಯಲ್ಲಿ ಅದು ಹಗಲೂ ರಾತ್ರಿ ಅರಚುತ್ತಿತ್ತು. ಒಂದು ಹನಿ ಬೀಳುವ ಮೊದಲೇ ‘ಮಾರಕ ದಾಳಿ’ ಅಂದಿತು. ಭೂಪಟಕ್ಕೆ ಬದನೆಕಾಯಿ ಬಣ್ಣ ಬಳಿದು ಯುದ್ಧದ ನಗಾರಿ ಬಾರಿಸಿತು. ಕೇಳಿದ ಜನ ಅಂಗಡಿಗಳ ಬ್ರೆಡ್ಡನ್ನೆಲ್ಲ ಬಾಚಿಕೊಂಡು ಹೋದರು.

“ಕೂಸು ಹುಟ್ಟೂ ಮೊದಲ ಕುಲಾಯಿ ಹೊಲಿಯೂ ಮಂದಿ,” ಎಂದು ಶಾಂತವ್ವ ಮೂಗು ಮುರಿದಳು. ಟೆಕ್ಸಸ್‌ಗೆ ಬರುವ ಮೊದಲು ಶಿಕಾಗೋದಲ್ಲಿ ಮೊಣಕಾಲುದ್ದದ ಹಿಮ ಗೋರಿದವಳು ಅವಳು.

ಮರುದಿನ ಬೆಳಿಗ್ಗೆ ಆ ಚಾನೆಲ್ಲಿನ ವ್ಯಾನೇ ಅವಳ ಅಂಗಳದಲ್ಲಿ ನಿಂತಿತ್ತು. ರಸ್ತೆಯಿಂದ ಮೋಟೆಲ್‌ಗೆ ಇಳಿಯುವ ದಾರಿ ರಾತ್ರಿಯ ಹಿಮಕ್ಕೆ ಹೆಪ್ಪುಗಟ್ಟಿ ಗಾಜಿನಂತಾಗಿತ್ತು. ಅಲ್ಲಿ ಕಾರು ಜಾರುವುದನ್ನು ತೋರಿಸಲು ಕ್ಯಾಮೆರಾ ಹೂಡಿದ್ದರು. ಒಂದು ಕಾರು ಗಿರ್ರನೆ ತಿರುಗಿ ಬೇಲಿಗೆ ಬಡಿದಾಗ ವರದಿಗಾರನ ಮುಖ ಅರಳಿತು. ಹಿಮ ಕರಗಲೆಂದು ಕೋಣೆಗಳ ಮೆಟ್ಟಿಲಿಗೆ ಉಪ್ಪು ಹಾಕಿ ಮುಗಿಸಿದ್ದ ಶಾಂತವ್ವ ಅದನ್ನು ಕಂಡು, ಉಳಿದ ಚೀಲ ಎತ್ತಿಕೊಂಡು ಇಳಿಜಾರಿನತ್ತ ನಡೆದಳು.

“ಮ್ಯಾಮ್, ಸ್ವಲ್ಪ ತಡೀರಿ, ಈಗ ಲೈವ್ ಇದೆ,” ಎಂದು ವರದಿಗಾರ ಅಡ್ಡ ಬಂದ. “ಈಗಲೇ ಉಪ್ಪು ಹಾಕಿದರೆ ಏನೂ ಕಾಣುವುದಿಲ್ಲ.”

“ಏನು ಕಾಣಬೇಕು ನಿನಗೆ? ಹೆಣವೇ?” ಎಂದು ಅವಳು ಇಂಗ್ಲಿಷಿನಲ್ಲೇ ಕೇಳಿದಳು.

ಅಷ್ಟರಲ್ಲಿ ಒಂದು ಪಿಕಪ್ ಜಾರಿ ಬಂದು ದೀಪದ ಕಂಬಕ್ಕೆ ಗುದ್ದಿತು. ಒಳಗೆ ನರ್ಸ್ ಬಟ್ಟೆಯ ಹೆಂಗಸು, ಹಣೆಯಿಂದ ರಕ್ತ. ಶಾಂತವ್ವ ಮುಂದಕ್ಕೆ ಉಪ್ಪು ಎರಚುತ್ತಾ ಓಡಿದಳು. ಬಾಗಿಲು ಸಿಕ್ಕಿಕೊಂಡಿತ್ತು. ಹಿಂದಿರುಗಿ ನೋಡಿದರೆ ಕ್ಯಾಮೆರಾದವನು ಇನ್ನೂ ಕ್ಯಾಮೆರಾಕ್ಕೆ ಕಣ್ಣು ಹಚ್ಚಿಕೊಂಡು ನಿಂತಿದ್ದ.

“ಅದನ್ನ ಬಿಟ್ಟು ಬಾರೋ ಮೂಳ!” ಎಂದು ಕನ್ನಡದಲ್ಲೇ ಗುಡುಗಿದಳು. ಅವನಿಗೆ ಅರ್ಥವಾಯಿತು. ಕ್ಯಾಮೆರಾ ಅಲ್ಲೇ ಬಿಟ್ಟು ಓಡಿ ಬಂದ. ಇಬ್ಬರೂ ಬಾಗಿಲು ಕಿತ್ತು ಆಕೆಯನ್ನು ಲಾಬಿಗೆ ನಡೆಸಿಕೊಂಡು ಹೋದರು. ವರದಿಗಾರ ಮೈಕ್ ಹಿಡಿದು ಮಾತಾಡುತ್ತಲೇ ಇದ್ದ.

ಸಂಜೆ ಸುದ್ದಿಯಲ್ಲಿ ನರ್ಸೂ ಇರಲಿಲ್ಲ, ಉಪ್ಪೂ ಇರಲಿಲ್ಲ. ಕೈ ಎತ್ತಿ ಕಿರುಚುವ ಶಾಂತವ್ವ ಮಾತ್ರ ಇದ್ದಳು. ಕೆಳಗೆ ಬರಹ: ‘ಮೊದಲ ಸಲ ಹಿಮ ಕಂಡು ಕಂಗೆಟ್ಟ ವಲಸಿಗ ಮಹಿಳೆ.’

“ನೀ ಭಾಳ ಚಂದ ಕಾಣಾಕತ್ತಿ ನೋಡ,” ಎಂದ ಅಪ್ಪಾಸಾಹೇಬ, ಹೆಮ್ಮೆಯಿಂದ. ಅಷ್ಟರಲ್ಲಿ ಹ್ಯೂಸ್ಟನ್‌ನಿಂದ ಅವನ ತಂಗಿ ಗಂಗವ್ವನ ಫೋನು. “ವೈನಿ, ಜೀವಂತ ಅದೀರೇನ್ರಿ? ನಾವೂ ಟಬ್ಬಿನ ತುಂಬ ನೀರು ತುಂಬಿಟ್ಟೇವಿ!” ಹ್ಯೂಸ್ಟನ್‌ನಲ್ಲಿ ಬರೀ ತುಂತುರು ಮಳೆ.

“ಹಂಗಾದ್ರ ಜಳಕಾ ಮಾಡ್ರಿ,” ಎಂದು ಶಾಂತವ್ವ ಫೋನಿಟ್ಟಳು.

ಬಿಸಿಲು ಬಂದು ಎಲ್ಲ ಕರಗಿದ ಮೇಲೆ ವರದಿಗಾರ ಮತ್ತೆ ಬಂದ. ನರ್ಸ್ ಚಾನೆಲ್‌ಗೆ ಫೋನ್ ಮಾಡಿ ಜಾಡಿಸಿದ್ದಳಂತೆ. ಈಗ ಶಾಂತವ್ವ ‘ಹಿಮದ ವೀರವನಿತೆ’. ಚೀಲ ಹಿಡಿದು ಇನ್ನೊಮ್ಮೆ ಓಡಬೇಕಂತೆ.

“ಓಡಲು ಹಿಮ ಎಲ್ಲಿದೆ?”

ಅವನು ನಾಚಿಕೆಯಿಲ್ಲದೆ ಕಾರಿಡಾರಿನ ಐಸ್ ಮಷೀನ್ ತೋರಿಸಿದ. “ನಾಲ್ಕು ಬಕೆಟ್ ಸುರಿದರೆ ಸಾಕು. ಹತ್ತಿರದಿಂದ ತೆಗೆಯುತ್ತೇವೆ.”

ಶಾಂತವ್ವನಿಗೆ ಬೈಯಲೂ ಮನಸ್ಸಾಗಲಿಲ್ಲ. ಬೈಗುಳಕ್ಕೂ ಒಂದು ಯೋಗ್ಯತೆ ಬೇಕು. ಅತ್ತ ನೋಡಿದರೆ ಅಪ್ಪಾಸಾಹೇಬ ಆಗಲೇ ಬಕೆಟ್ ಹಿಡಿದು ಮಷೀನ್ ಮುಂದೆ ನಿಂತಿದ್ದ, ಕೂದಲು ಬಾಚಿಕೊಂಡು, ಇಸ್ತ್ರಿ ಅಂಗಿ ತೊಟ್ಟು.

“ಶಾಂತಾ, ನಾನೂ ಸ್ವಲ್ಪ ಬಾಜೂಕ ನಿಂತಿರ್ತೇನಿ,” ಎಂದ.

“ಬಕೆಟ್ ಕೆಳಗಿಡ್ರಿ,” ಎಂದಳು ಅವಳು. ವರದಿಗಾರನ ಕಡೆ ತಿರುಗದೆಯೇ ಗೇಟು ತೋರಿಸಿದಳು. ವ್ಯಾನು ರಸ್ತೆ ಹತ್ತುವವರೆಗೂ ಮಷೀನಿಗೆ ಅಡ್ಡವಾಗಿ, ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದಳು.