ನಾಲ್ಕು ಚಕ್ರದ ಗಾಳಿ

ಜೀಪನ್ನು ಮಾರುವ ಸುದ್ದಿ ರೇವಣ್ಣನ ಕಿವಿಗೆ ಬಿದ್ದದ್ದು ಗುರುವಾರ ಬೆಳಿಗ್ಗೆ. ಹೇಳಿದವರು ಬೇರೆ ಯಾರೋ ಚಾಡಿಕೋರರಲ್ಲ, ಜೀಪಿನ ಯಜಮಾನರಾದ ಮದ್ದೂರಿನ ವರದರಾಜ ಅಯ್ಯಂಗಾರರೇ. "ಭಾನುವಾರ ಮಳವಳ್ಳಿಯಿಂದ ಕೆಂಪಸಿದ್ದಯ್ಯ ಬರ್ತಾನೆ, ಗಾಡಿ ನೋಡೋಕೆ. ಚೆನ್ನಾಗಿ ತೊಳೆದಿಡು" ಎಂದು ಹೇಳಿ, ಒಂದು ಚಿಟಿಕೆ ನಶ್ಯ ಏರಿಸಿ, ಏನೂ ಆಗದವರಂತೆ ಒಳಗೆ ನಡೆದರು.

ರೇವಣ್ಣ ಕೈಯಲ್ಲಿದ್ದ ನೀರಿನ ಬಕೀಟನ್ನು ಹಿಡಿದುಕೊಂಡೇ ನಿಂತ. ಯುದ್ಧದಲ್ಲಿ ಮೂರು ವರ್ಷ, ಬರ್ಮಾದ ಗಡಿಯ ಕೆಸರಿನಲ್ಲಿ, ಇಂಥದೇ ಜೀಪನ್ನು ಓಡಿಸಿದವನು ಅವನು. ಯುದ್ಧ ಮುಗಿದು ಸರ್ಕಾರ ತನ್ನ ಗಾಡಿಗಳನ್ನು ಬೆಂಗಳೂರಿನಲ್ಲಿ ಹರಾಜು ಹಾಕಿದಾಗ ಅಯ್ಯಂಗಾರರಿಗೆ ದುಂಬಾಲು ಬಿದ್ದು, ಅಲ್ಲಿಗೆ ಕರೆದುಕೊಂಡು ಹೋಗಿ, ಐವತ್ತು ಜೀಪುಗಳ ಹೊಟ್ಟೆಯಡಿ ತೆವಳಿ ಇದನ್ನು ಆರಿಸಿದವನೂ ಅವನೇ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಎಳೆತವಿರುವ ಗಾಡಿ ಇಡೀ ತಾಲ್ಲೂಕಿಗೆ ಇದೊಂದೇ. ಕೆಂಪಸಿದ್ದಯ್ಯನ ಬಳಿ ಆಗಲೇ ಇಬ್ಬರು ಡ್ರೈವರುಗಳಿದ್ದರು. ಜೀಪು ಹೋಯಿತೆಂದರೆ ರೇವಣ್ಣನಿಗೆ ಉಳಿಯುವುದು ಅಣ್ಣಂದಿರ ಗದ್ದೆಯಲ್ಲಿ ಕಬ್ಬಿನ ಸೋಗೆ ಸುಲಿಯುವ ಕೆಲಸ. ಅದೂ ಹೋಗಲಿ ಎನ್ನಿ, ಆ ಗಾಡಿಯ ಮೇಲೆ ಅವನಿಗೆ ಪ್ರಾಣ. ಅದನ್ನು ಬೇರೊಬ್ಬ ಓಡಿಸಿಕೊಂಡು ಹೋಗುವುದನ್ನು ನಿಂತು ನೋಡಲು ಅವನಿಂದ ಸಾಧ್ಯವೇ ಇರಲಿಲ್ಲ.

ಅಯ್ಯಂಗಾರರು ಜೀಪು ಮಾರಲು ಹೊರಟಿದ್ದಕ್ಕೂ ಕಾರಣವಿತ್ತು. ಅವರ ಜಮೀನು ಇರುವುದು ಶಿಂಷಾ ಹೊಳೆಯಾಚೆ, ಕೊಕ್ಕರೆ ಬೆಳ್ಳೂರಿನ ಕಡೆ. ಸೇತುವೆ ಸುತ್ತಿಕೊಂಡು ಹೋಗೋಣವೆಂದರೆ ರೇಷನ್ ಕೂಪನ್ನಿಗೆ ಸಿಗುವ ಪೆಟ್ರೋಲು ಯಾವ ಮೂಲೆಗೂ ಸಾಲದು. ಆದ್ದರಿಂದ ಬೇಸಿಗೆಯಲ್ಲಿ ನೀರು ಇಳಿದಾಗ ವೈದ್ಯನಾಥಪುರದ ಕೆಳಗೆ ಮರಳಿನಲ್ಲೇ ದಾಟುವುದು. ಮರಳಿನಲ್ಲಿ ಚಕ್ರ ಹೂತುಹೋಗದಿರಬೇಕಾದರೆ ಅರ್ಧ ಗಾಳಿ ಬಿಡಬೇಕು. ದಾಟಿದ ಮೇಲೆ ಕಲ್ಲು ರಸ್ತೆಗೆ ಮತ್ತೆ ತುಂಬಬೇಕು. ಕಾಲಲ್ಲಿ ತುಳಿಯುವ ಪಂಪಿನಲ್ಲಿ ನಾಲ್ಕು ಚಕ್ರ ತುಂಬುವಷ್ಟರಲ್ಲಿ ರೇವಣ್ಣನ ತೊಡೆ ಕಲ್ಲಾಗುತ್ತಿತ್ತು, ಅಯ್ಯಂಗಾರರ ಸಹನೆ ಸತ್ತುಹೋಗುತ್ತಿತ್ತು. ಕಳೆದ ತಿಂಗಳಂತೂ ಪಂಪಿನ ಚರ್ಮದ ಬಿಲ್ಲೆಯೇ ಹರಿದು, ಅವರು ದಡದ ಬಿಸಿಲಿನಲ್ಲಿ ಮೂರು ಗಂಟೆ ಕೂತರು. ಅತ್ತ ಮಗಳು ಶ್ರೀಮತಿಯನ್ನು ನೋಡಲು ಬಂದ ಗಂಡಿನ ಕಡೆಯವರು ಯಜಮಾನರಿಗಾಗಿ ಕಾದೂ ಕಾದೂ, ಕೇಸರಿಭಾತು ತಿಂದು ಕೈ ತೊಳೆದು ಎದ್ದು ಹೋಗಿದ್ದರು. ಹೆಂಡತಿ ಪಂಕಜಮ್ಮ ನಾಲ್ಕು ದಿನ ಅವರೊಡನೆ ಮಾತು ಬಿಟ್ಟಿದ್ದರು.

ರೇವಣ್ಣ ಬಕೀಟನ್ನು ಕುಕ್ಕಿ ಬಾಗಿಲಿಗೆ ಓಡಿದ. "ಸ್ವಾಮೀ! ಪಂಪು ತುಳೀದಂಗೆ ಗಾಡೀನೇ ತನ್ನ ಚಕ್ರಕ್ಕೆ ತಾನೇ ಗಾಳಿ ತುಂಬ್ಕೊಂಡ್ರೆ?"

ಅಯ್ಯಂಗಾರರು ಹೊರಬಂದು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಬಿಸಿಲಿಗೆ ತಲೆ ಕೆಟ್ಟಿದೆಯೇನಯ್ಯ?"

"ಇಲ್ಲ ಸ್ವಾಮಿ. ನನ್ನತ್ರ ಗಾಳಿ ಮಿಸೀನು ಅದೆ. ಕರೆಂಟಿಂದು."

ಇದ್ದದ್ದು ನಿಜ. ಅದೇ ಹರಾಜಿನಲ್ಲಿ, ಮುರಿದ ಸಾಮಾನುಗಳ ರಾಶಿಯೊಳಗೆ, ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದಾದ ಒಂದು ಕಂಪ್ರೆಸರು ಅವನ ಕಣ್ಣಿಗೆ ಬಿದ್ದಿತ್ತು. ಸೈನ್ಯ ಬಿಡುವಾಗ ಕೊಟ್ಟಿದ್ದ ದುಡ್ಡಿನಲ್ಲಿ ಅದನ್ನು ಕೊಂಡು ತಂದು, ಮಂಚದಡಿ ಇಟ್ಟು, ಎಂದಾದರೊಂದು ದಿನ ಬೇಕಾಗುತ್ತದೆಂದು ಒರೆಸುತ್ತ ಬಂದಿದ್ದ.

ಅಯ್ಯಂಗಾರರು ಯೋಚಿಸಿದರು. "ಸರಿ. ಭಾನುವಾರ ಕೆಂಪಸಿದ್ದಯ್ಯನನ್ನೂ ಕೂರಿಸಿಕೊಂಡು ಹೊಳೆ ದಾಟೋಣ. ಆಚೆ ದಡದಲ್ಲಿ ಆ ನಿನ್ನ ಮಿಷೀನು ನಾಲ್ಕು ಚಕ್ರಕ್ಕೂ ಗಾಳಿ ತುಂಬಿದರೆ ಗಾಡಿ ಮಾರೋಲ್ಲ, ಇದು ನನ್ನ ಮಾತು. ತುಂಬದಿದ್ದರೆ ಅಲ್ಲೇ ಅವನಿಗೆ ಒಪ್ಪಿಸಿ ಎತ್ತಿನ ಗಾಡಿಯಲ್ಲಿ ವಾಪಸು ಬರ್ತೀನಿ."

ಜೀಪನ್ನು ರೇವಣ್ಣ ತನ್ನ ಮನೆಯ ಮುಂದಕ್ಕೆ ತಂದು ನಿಲ್ಲಿಸಿದ. ಆ ಎರಡು ದಿನ ಅವನಿಗೆ ಊಟ ರುಚಿಸಲಿಲ್ಲ, ನಿದ್ದೆ ಹತ್ತಲಿಲ್ಲ. ಕಂಪ್ರೆಸರು ಹನ್ನೆರಡು ವೋಲ್ಟಿನದು, ಜೀಪಿನ ಬ್ಯಾಟರಿ ಆರೇ ವೋಲ್ಟಿನದು. ಮಂಡ್ಯಕ್ಕೆ ಸೈಕಲ್ಲು ತುಳಿದು ಇನ್ನೊಂದು ಬ್ಯಾಟರಿ ಹೊತ್ತು ತಂದ, ಎರಡನ್ನೂ ಒಂದರ ಬೆನ್ನಿಗೊಂದು ಜೋಡಿಸಿದ. ಹಿಂದಿನ ಸೀಟಿನ ಬದಿಗೆ ಕಂಪ್ರೆಸರನ್ನು ನಾಲ್ಕು ಬೋಲ್ಟು ಹಾಕಿ ಕೂರಿಸಿದ. ನಡುವೆ ಫ್ಯೂಸು, ಸ್ವಿಚ್ಚು. ಕರೆಂಟು ಹೋಗಲು ಒಂದು ವೈರು ಆಯಿತು, ಅದು ಹಿಂದಿರುಗಲು ಗಾಡಿಯ ಮೈಯೇ ದಾರಿ. ಇನ್ನೊಂದು ವೈರನ್ನು ಗಾಡಿಯ ಚೌಕಟ್ಟಿಗೆ ಬಿಗಿದರೆ ಮುಗಿಯಿತು. ಅದಕ್ಕೆ ಮಿಲಿಟರಿಯಲ್ಲಿ ಅರ್ತು ಎನ್ನುತ್ತಿದ್ದರು. ಬಣ್ಣದ ಮೇಲೆ ಬಿಗಿದರೆ ಕರೆಂಟು ಹರಿಯದು ಎಂದು ಸೀಟಿನ ಕೆಳಗೆ ಬೋಲ್ಟಿನ ತೂತಿನ ಸುತ್ತ ಹಸಿರು ಬಣ್ಣವನ್ನು ಅರದಿಂದ ಉಜ್ಜಿ ಉಜ್ಜಿ, ಕಬ್ಬಿಣ ಫಳಫಳ ಹೊಳೆಯುವಂತೆ ಮಾಡಿದ.

ಶನಿವಾರ ಸಂಜೆ ಆ ವೈರನ್ನು ಬರಿಗೈಯಲ್ಲೇ ಅಲ್ಲಿಗೆ ಒತ್ತಿ ಹಿಡಿದು ಸ್ವಿಚ್ಚು ಹಾಕಿದ. ಕಂಪ್ರೆಸರು ಟಕಟಕಟಕ ಎಂದು ಹೊಡೆದುಕೊಂಡು ಕೊಳವೆಯ ಬಾಯಿಂದ ಗಾಳಿ ಉಗುಳಿತು! ರೇವಣ್ಣ ಬೀದಿಯಲ್ಲೇ ಕುಣಿದುಬಿಟ್ಟ. ಅವನ ತಾಯಿ ದೊಡ್ಡತಾಯಮ್ಮ ಬಾಗಿಲಲ್ಲಿ ನಿಂತು, "ಮುದ್ದೆ ಆರೋಯ್ತದೆ ಬಾರ್ಲಾ" ಎಂದು ಕೂಗಿದಳು. ಹೋಗಿ ಎರಡು ತುತ್ತು ನುಂಗಿ ಬಂದು, ಮಬ್ಬುಗತ್ತಲಲ್ಲಿ ಕೈಯಂದಾಜಿನ ಮೇಲೆ ವೈರನ್ನು ಬೋಲ್ಟಿಗೆ ಬಿಗಿದ. ಬೆರಳಿಗೆ ಜಿಡ್ಡು ಹತ್ತಿತು. ಗ್ರೀಸು ಇರಬೇಕೆಂದುಕೊಂಡು ಪಂಚೆಗೆ ಒರೆಸಿಕೊಂಡ.

ಭಾನುವಾರ ಬೆಳಿಗ್ಗೆ ಕೆಂಪಸಿದ್ದಯ್ಯ ಬಂದ. ದೊಡ್ಡ ಮೀಸೆ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಗಂಟಲು. ಬೆಳ್ಳೂರಿಗೆ ಕೊಟ್ಟ ಮಗಳು ಮುದ್ದಮ್ಮನನ್ನು ನೋಡಬೇಕೆಂದು ದೊಡ್ಡತಾಯಮ್ಮನೂ ಹಿಂದೆ ಹತ್ತಿ ಕೂತಳು. ಹೊಳೆಯ ಅಂಚಿನಲ್ಲಿ ರೇವಣ್ಣ ನಾಲ್ಕು ಚಕ್ರದ ಗಾಳಿಯನ್ನೂ ಬಿಟ್ಟ, ಮುಂದಿನ ಚಕ್ರಗಳಿಗೂ ಎಳೆತ ಕೊಡುವ ಸನ್ನೆಗೋಲನ್ನು ಎಳೆದ, ಜೀಪನ್ನು ಮರಳಿಗೆ ಇಳಿಸಿದ. ಅಯ್ಯೋ, ಏನು ಓಟ ಅದು! ಮರಳು ಎರಡೂ ಕಡೆ ಚಿಮ್ಮಿತು, ನಡುವಿನ ಮೊಣಕಾಲುದ್ದದ ನೀರು ಹಾರಿ ಅಯ್ಯಂಗಾರರ ನಾಮ ತೋಯಿಸಿತು, ಕೆಂಪಸಿದ್ದಯ್ಯ "ಬುಡಪ್ಪ, ಬುಡು ಬುಡು!" ಎಂದು ಕಿರುಚಿದ. ಒಂದು ಕಡೆಯೂ ನಿಲ್ಲದೆ ಜೀಪು ಆಚೆ ದಡ ಹತ್ತಿತು. ದನ ಮೇಯಿಸುತ್ತಿದ್ದವರು, ಬಟ್ಟೆ ಒಗೆಯುತ್ತಿದ್ದ ಹೆಂಗಸರು ಎಲ್ಲ ಬಂದು ಮುತ್ತಿಕೊಂಡರು.

ಕೆಂಪಸಿದ್ದಯ್ಯ ಸರಪಣಿ ಗಡಿಯಾರ ತೆಗೆದ. "ತುಂಬ್ಸು, ನೋಡವ."

ರೇವಣ್ಣ ಕೊಳವೆಯನ್ನು ಮುಂದಿನ ಚಕ್ರಕ್ಕೆ ಸಿಕ್ಕಿಸಿ, ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಸ್ವಿಚ್ಚು ಹಾಕಿದ.

ಏನೂ ಆಗಲಿಲ್ಲ.

ತೆಗೆದು ಮತ್ತೆ ಹಾಕಿದ. ಕಂಪ್ರೆಸರು ಕಮಕ್ ಕಿಮಕ್ ಎನ್ನಲಿಲ್ಲ. ಫ್ಯೂಸು ನೋಡಿದ, ಸರಿಯಿತ್ತು. ಸಣ್ಣ ಬಲ್ಬು ಹಿಡಿದು ನೋಡಿದ, ಕಂಪ್ರೆಸರಿನವರೆಗೂ ಕರೆಂಟು ಬರುತ್ತಿತ್ತು. ಹಾಗಾದರೆ ಮಿಷೀನೇ ಸುಟ್ಟಿರಬೇಕು. ಅರ್ತಿನ ಕಡೆಗೆ ಅವನ ಯೋಚನೆಯೇ ಹೋಗಲಿಲ್ಲ. ಕನ್ನಡಿಯಂತೆ ಉಜ್ಜಿದ್ದವನು ತಾನೇ ಅಲ್ಲವೆ? ಹಣೆಯ ಬೆವರು ಕಣ್ಣಿಗೆ ಇಳಿಯುತ್ತಿತ್ತು. ಅಯ್ಯಂಗಾರರು ಗಂಟಲು ಸರಿಮಾಡಿಕೊಂಡು ಕೆಂಪಸಿದ್ದಯ್ಯನ ಕಡೆ ತಿರುಗಿದರು. ಗುಂಪಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ರೇವಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ದೊಡ್ಡತಾಯಮ್ಮ ಹಿಂದಿನಿಂದ ಬಗ್ಗಿ ಕೇಳಿದಳು. "ಯಾಕ್ ಮಗ, ಗಾಯ ಇನ್ನೂ ಮಾಯ್ಲಿಲ್ವಾ?"

"ಯಾವ ಗಾಯ? ಸುಮ್ಕಿರವ್ವ ನೀನೊಬ್ಳು!"

"ಅದೇ ಕಣ್ಲಾ, ಸೀಟಿನ ಕೆಳ್ಗೆ. ಕೆರೆದೂ ಕೆರೆದೂ ತೊಗಲೇ ಕಿತ್ತಿದ್ದೆಲ್ಲ. ನೀನು ಉಣ್ತಾ ಇದ್ದಾಗ ಅರಿಸಿನಾನೂ ಅಳ್ಳೆಣ್ಣೇನೂ ಕಲಸಿ ಮೆತ್ತಿ ಬಂದೆ. ತೂತಿನೊಳಕ್ಕೂ ತುಂಬಿವ್ನಿ. ನೊಗ ಉಜ್ಜಿ ಎತ್ತಿನ ಎಗಲು ಕಿತ್ತೋದ್ರೆ ನಿಮ್ಮಪ್ಪ ಅದ್ನೇ ಅಲ್ವಾ ಆಕ್ತಿದ್ದದ್ದು?"

ರೇವಣ್ಣ ಅವಳನ್ನೇ ನೋಡಿದ. ಬಯ್ಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ಎರಡಕ್ಕೂ ಪುರಸೊತ್ತಿರಲಿಲ್ಲ. ಸೀಟಿನ ಕೆಳಗೆ ನುಗ್ಗಿ ಬೋಲ್ಟು ಬಿಚ್ಚಿದ. ಒತ್ತಿ ಗಟ್ಟಿಯಾಗಿ ಹಪ್ಪಳದಷ್ಟು ದಪ್ಪವಾಗಿದ್ದ ಹಳದಿ ಪದರ ವೈರಿನ ಬಾಯಿಗೂ ಕಬ್ಬಿಣಕ್ಕೂ ನಡುವೆ ಕೂತಿತ್ತು, ಬೋಲ್ಟಿನ ತಿರುಪಿನ ಗೆರೆಗಳಲ್ಲೆಲ್ಲ ಅರಿಸಿನ. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅರದಿಂದ ಕೆರೆದು, ಮತ್ತೆ ಬಿಗಿದ. ಎದ್ದು ನಿಂತು, ಕಣ್ಣು ಮುಚ್ಚಿ, ಸ್ವಿಚ್ಚು ಹಾಕಿದ.

ಟಕಟಕಟಕಟಕ!

ಗುಂಪು ಹೋ ಎಂದಿತು. ಚಪ್ಪಟೆಯಾಗಿ ಮಲಗಿದ್ದ ಚಕ್ರ ಎಲ್ಲರ ಕಣ್ಣೆದುರಿಗೇ ಮೈ ತುಂಬಿಕೊಳ್ಳುತ್ತ ಗಾಡಿಯ ಮೂತಿಯನ್ನು ಮೇಲಕ್ಕೆತ್ತಿತು. ಒಂದಾಯಿತು, ಎರಡಾಯಿತು. ಮೂರನೆಯದಕ್ಕೆ ಜನ ಎಣಿಸತೊಡಗಿದರು. ನಾಲ್ಕನೆಯದು ತುಂಬಿ ರೇವಣ್ಣ ಕೊಳವೆ ಕಿತ್ತಾಗ ಹೆಂಗಸರೂ ಶಿಳ್ಳೆ ಹಾಕಿದರು. ಕೆಂಪಸಿದ್ದಯ್ಯ ಗಡಿಯಾರ ನೋಡಿ, "ಇಪ್ಪತ್ತೆರಡು ನಿಮ್ಸ! ಕಾಲಲ್ಲಿ ತುಳಿದಿದ್ರೆ ಒತ್ತು ಮುಳುಗ್ತಿತ್ತು ಕಣ್ರಲಾ!" ಎಂದು ತೊಡೆ ತಟ್ಟಿದ. ರೇವಣ್ಣನ ಎದೆ ಉಬ್ಬಿ ಅಂಗಿಯ ಗುಂಡಿ ಬಿಚ್ಚುವಂತಾಯಿತು. ಗೆದ್ದೆ ಎಂದುಕೊಂಡ.

ಆಗ ಕೆಂಪಸಿದ್ದಯ್ಯ ಅಯ್ಯಂಗಾರರ ತೋಳು ಹಿಡಿದು, ಊರಿಗೆಲ್ಲ ಕೇಳುವ ಪಿಸುಮಾತಿನಲ್ಲಿ ಹೇಳಿದ. "ಅಯ್ನೋರೇ, ಮೊದ್ಲು ನಾನೇಳಿದ್ದ ರೇಟು ಬುಟ್ಟಾಕಿ. ಅದರ ಮ್ಯಾಲೆ ಐನೂರು ಕೊಡ್ತೀನಿ. ಇವತ್ತೇ."

ಅಯ್ಯಂಗಾರರು ನಶ್ಯದ ಡಬ್ಬಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. "ಐನೂರೇ?" ಎಂದರು.

ಆ ಒಂದು ಪ್ರಶ್ನೆ ರೇವಣ್ಣನಿಗೆ ಸಾಕಾಯಿತು. ಕೂಗಾಡಲಿಲ್ಲ, ಕಾಲಿಗೆ ಬೀಳಲಿಲ್ಲ. ಸ್ಪ್ಯಾನರು ತೆಗೆದುಕೊಂಡು ಕಂಪ್ರೆಸರಿನ ಮೊದಲ ಬೋಲ್ಟು ಬಿಚ್ಚಿದ. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಅಯ್ಯಂಗಾರರು ತಿರುಗಿ ನೋಡಿದರು.

"ಏಯ್, ಏನು ಮಾಡ್ತಿದ್ದೀಯಯ್ಯಾ?"

"ಬಿಚ್ತಾ ಇವ್ನಿ ಸ್ವಾಮಿ." ಸ್ಪ್ಯಾನರು ನಿಲ್ಲಲಿಲ್ಲ. "ಗಾಡಿ ನಿಮ್ದು, ಮಾರ್ಕಳಿ. ಇದು ನನ್ ದುಡ್ಡಿಂದು. ನಂಗೆ ಇದಾದ್ರೂ ಇರ್ಲಿ."

"ಅದಿಲ್ದೆ ನಂಗ್ಯಾಕ್ರಪ್ಪ ಆ ತಗಡು ಡಬ್ಬ!" ಎಂದ ಕೆಂಪಸಿದ್ದಯ್ಯ.

ರೇವಣ್ಣ ಇಬ್ಬರ ಮುಖವನ್ನೂ ನೋಡದೆ ಎರಡನೆಯ ಬೋಲ್ಟು ಬಿಚ್ಚಿದ, ಮೂರನೆಯದು ಬಿಚ್ಚಿದ. ಅಯ್ಯಂಗಾರರು ಅವನನ್ನು ನೋಡಿದರು, ಐನೂರು ರೂಪಾಯಿಯ ಮೀಸೆಯನ್ನು ನೋಡಿದರು, ಆಮೇಲೆ ತಾವು ದಾಟಿ ಬಂದ ಹೊಳೆಯ ಕಡೆ ನೋಡಿದರು. ಮರಳು ಬಿಸಿಲಿಗೆ ಕಾದು ಕುದಿಯುತ್ತಿತ್ತು. ಮನೆ ಆಚೆ ದಡದಲ್ಲಿತ್ತು, ದಾಟಿದ ಮೇಲೆ ಮತ್ತೆ ನಾಲ್ಕು ಚಕ್ರಕ್ಕೂ ಗಾಳಿ ತುಂಬಬೇಕಿತ್ತು.

"ನಿಲ್ಲಯ್ಯಾ, ನಿಲ್ಲು! ವಾಪಸು ಹೋಗೋದು ಬೇಡವೇ? ಕಟ್ಟು ಅದನ್ನ."

ರೇವಣ್ಣ ಸ್ಪ್ಯಾನರನ್ನು ನಾಲ್ಕನೆಯ ಬೋಲ್ಟಿನ ಮೇಲೇ ಇಟ್ಟುಕೊಂಡು ತಲೆಯೆತ್ತಿದ. ಜೀವಮಾನದಲ್ಲಿ ಮೊದಲ ಸಲ ಯಜಮಾನರ ಕಣ್ಣಲ್ಲಿ ಕಣ್ಣಿಟ್ಟು ಕೇಳಿದ.

"ಯಾರ ಗಾಡಿಗೆ ಕಟ್ಲಿ ಸ್ವಾಮಿ?"

ಅಯ್ಯಂಗಾರರ ಮುಖ ಮೊದಲು ಕೆಂಪಾಯಿತು. ಆಮೇಲೆ, ಗುರುವಾರ ಕೊಟ್ಟಿದ್ದ ಮಾತು ನೆನಪಾಗಿಯೋ ಏನೋ, ಸ್ವಲ್ಪ ನಾಚಿತು. ಕೊನೆಗೆ ಕೆಂಪಸಿದ್ದಯ್ಯನ ಕೈಯಿಂದ ತೋಳು ಬಿಡಿಸಿಕೊಂಡು, ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿದರು.

"ನಮ್ಮ ಗಾಡಿಗೆ ಕಣಯ್ಯಾ" ಎಂದರು. "ಇನ್ಯಾರ ಗಾಡಿಗೆ?"

ಮೂರು ಬೋಲ್ಟು ಬಿಗಿಯಲು ರೇವಣ್ಣನಿಗೆ ಬಿಚ್ಚಿದ್ದಕ್ಕಿಂತ ಎರಡರಷ್ಟು ಹೊತ್ತು ಹಿಡಿಯಿತು, ಕಣ್ಣು ಮಂಜಾಗಿ ಬೋಲ್ಟಿನ ತೂತೇ ಕಾಣುತ್ತಿರಲಿಲ್ಲ.